ಎರಡು ತೂತಿನ ಚೀಟಿಗಳು

ಮ್ಯೂಸಿಯಂನಲ್ಲಿ ಎಲ್ಲರೂ ಅವಳನ್ನು ಜೀರುಂಡೆ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೆಯೇ, ಬೆನ್ನ ಹಿಂದೆಯೂ ಹಾಗೆಯೇ. ಆದ್ದರಿಂದ ಅವಳಿಗೆ ಬೇಸರವಿರಲಿಲ್ಲ. ಮೂರನೆಯ ಮಹಡಿಯ ಕೊನೆಯ ಕೋಣೆ ಅವಳದು. ಕಿಟಕಿಗೆ ಕಪ್ಪು ಪರದೆ, ಗೋಡೆಯುದ್ದಕ್ಕೂ ಉಕ್ಕಿನ ಕಪಾಟು, ಕಪಾಟಿನ ತುಂಬ ಗಾಜಿನ ಮುಚ್ಚಳದ ಡ್ರಾಯರುಗಳು, ಮೂಗಿಗೆ ಸದಾ ನುಸಿಗುಳಿಗೆಯ ಘಾಟು. ನಾಲ್ಕು ವರ್ಷಗಳಿಂದ ಅವಳು ಅಲ್ಲಿ ಕೂತು ಏಷ್ಯಾದ ಉದ್ದಮೀಸೆ ಜೀರುಂಡೆಗಳನ್ನು ವಿಂಗಡಿಸುತ್ತಿದ್ದಳು. ಪಾಲಿಶ್ ಹಾಕಿದ ಬೂಟಿನಂತೆ ಮಿರುಗುವ ಕಪ್ಪು ಹುಳ. ಬೆನ್ನ ಮೇಲೆ ಸುಣ್ಣ ಸಿಡಿದಂತೆ ಬಿಳಿ ಚುಕ್ಕಿ. ಮೈಗಿಂತ ಉದ್ದವಾದ ಪಟ್ಟೆಪಟ್ಟೆ ಮೀಸೆ. ಅದರ ಮರಿಗಳು ಜೀವಂತ ಮರದೊಳಗೆ ಕೊರೆದುಕೊಂಡು ಹೋಗಿ ಮರವನ್ನೇ ಒಣಗಿಸಿಬಿಡುತ್ತವೆ. ಊರಿನ ರಸ್ತೆಬದಿಯ ಮರಗಳಿಗೂ ಆ ಪಿಡುಗು ತಗಲಿದಾಗ ಅರಣ್ಯ ಇಲಾಖೆಯವರು ಮ್ಯೂಸಿಯಂಗೆ ಪತ್ರ ಬರೆದಿದ್ದರು. ಪುಸ್ತಕದಲ್ಲಿ ಎರಡು ಉಪಪ್ರಭೇದ ಎಂದಿದೆಯಲ್ಲ, ನಮ್ಮ ಮರ ತಿನ್ನುತ್ತಿರುವುದು ಯಾವುದು, ಎಲ್ಲಿಂದ ಬಂದದ್ದು ಎಂಬುದು ಅವರ ಪ್ರಶ್ನೆ.

ಎರಡು ಉಪಪ್ರಭೇದ ಎಂದು ಮೂವತ್ತು ವರ್ಷಗಳ ಹಿಂದೆ ಬರೆದವರು ಇದೇ ಮ್ಯೂಸಿಯಂನ ಹಿರಿಯ ತಜ್ಞರು. ಹುಳದ ಬೆನ್ನಿನ ಚುಕ್ಕಿ ಎಣಿಸುವುದರಲ್ಲೇ ಆಯುಸ್ಸು ಸವೆಸಿದ್ದರಿಂದ ಅವರಿಗೆ ಚುಕ್ಕಿ ಸಾರ್ ಎಂಬ ಹೆಸರು ಅಂಟಿಕೊಂಡಿತ್ತು. ಉತ್ತರದ ಬೆಟ್ಟಸಾಲಿನ ಹುಳಕ್ಕೆ ಸಣ್ಣ ಚುಕ್ಕಿ, ದಕ್ಷಿಣದ ಕಣಿವೆಯ ಹುಳಕ್ಕೆ ದೊಡ್ಡ ಚುಕ್ಕಿ ಎಂದು ಅವರು ಗೆರೆ ಎಳೆದಿದ್ದರು. ತೀರಿಕೊಂಡು ಹತ್ತು ವರ್ಷವಾಗಿದ್ದರೂ ಮೆಟ್ಟಿಲ ಬಳಿಯ ಫೋಟೋದೊಳಗಿಂದ ಹೋಗಿ ಬರುವವರನ್ನೆಲ್ಲ ಎಣಿಸುತ್ತಿರುವಂತೆ ನೋಡುತ್ತಿದ್ದರು.

ಜೀರುಂಡೆ ಮೇಡಂ ಅಳೆಯುತ್ತ ಹೋದ ಹಾಗೆ ಆ ಗೆರೆ ನಿಲ್ಲಲಿಲ್ಲ. ಬೇರೆ ಊರುಗಳ ಮ್ಯೂಸಿಯಂಗಳಿಂದ ತರಿಸಿಕೊಂಡ ಮಾದರಿಗಳಲ್ಲಿ, ಆಮೇಲಿನ ವರ್ಷಗಳಲ್ಲಿ ಹಿಡಿದು ತಂದವುಗಳಲ್ಲಿ, ದೊಡ್ಡ ಚುಕ್ಕಿ ಸಣ್ಣ ಚುಕ್ಕಿ ಎರಡೂ ಎಲ್ಲ ಕಡೆಯೂ ಬೆರೆತುಕೊಂಡಿದ್ದವು. ಹದಿನೇಳನೆಯ ಡ್ರಾಯರಿನಲ್ಲಿ ಮಾತ್ರ ಹಾಗಿರಲಿಲ್ಲ. ಚುಕ್ಕಿ ಸಾರ್ ತಮ್ಮ ವಾದಕ್ಕೆ ಆಧಾರವಾಗಿಟ್ಟುಕೊಂಡ ನಲವತ್ತಾರು ಹುಳ ಇದ್ದದ್ದು ಅದರಲ್ಲೇ. ದಕ್ಷಿಣದವೆಲ್ಲ ದೊಡ್ಡ ಚುಕ್ಕಿಯವು, ಉತ್ತರದವೆಲ್ಲ ಸಣ್ಣ ಚುಕ್ಕಿಯವು, ಒಂದೇ ಒಂದು ಹುಳ ಆಚೀಚೆ ಇಲ್ಲ. ಹುಳಗಳು ಅಷ್ಟು ಅಚ್ಚುಕಟ್ಟಾಗಿ ಬದುಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಾಲಿನ ಚೂರುಗಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ ನೋಡಿದಳು. ಮಾದರಿ ಹಳೆಯದು, ಏನೂ ಸಿಗಲಿಲ್ಲ ಎಂಬ ಉತ್ತರ ಬಂತು.

ಒಂದು ಮಧ್ಯಾಹ್ನ ಅಳತೆಗೆಂದು ಹುಳವೊಂದನ್ನು ಮೈಕ್ರೋಸ್ಕೋಪಿನ ಕೆಳಗೆ ಹಿಡಿದಾಗ ಅವಳ ಕಣ್ಣು ಹುಳವನ್ನು ಬಿಟ್ಟು ಅದರ ಚೀಟಿಯ ಮೇಲೆ ನಿಂತಿತು. ಪ್ರತಿ ಹುಳದ ಸೂಜಿಗೂ ಕಿರುಬೆರಳ ಉಗುರಿನಷ್ಟು ಚೀಟಿ ಚುಚ್ಚಿರುತ್ತಾರೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಅಷ್ಟೇ ಅದರಲ್ಲಿರುವುದು. ಆ ಕಾಲದಲ್ಲಿ ಮಾದರಿಗೆ ಕ್ರಮಸಂಖ್ಯೆ ಹಾಕುವ ಪದ್ಧತಿ ಇರಲಿಲ್ಲವಾದ್ದರಿಂದ ಚೀಟಿ ಹೇಳಿದ್ದೇ ಹುಳದ ಊರು. ಈ ಚೀಟಿಯಲ್ಲಿ ಸೂಜಿ ಹೊಕ್ಕ ತೂತಿನ ಪಕ್ಕದಲ್ಲಿ ಇನ್ನೊಂದು ತೂತಿತ್ತು. ಪಕ್ಕದ ಹುಳ ನೋಡಿದಳು, ಅದಕ್ಕೂ ಎರಡು. ಸಂಜೆಯೊಳಗೆ ನಲವತ್ತಾರನ್ನೂ ನೋಡಿ ಮುಗಿಸಿದಳು. ಎಲ್ಲವೂ ಎರಡು ತೂತಿನವು. ಯಾರೋ ಒಮ್ಮೆ ಎಲ್ಲ ಚೀಟಿಗಳನ್ನೂ ಬಿಚ್ಚಿ ಮತ್ತೆ ಚುಚ್ಚಿದ್ದರು.

ಅಷ್ಟೇ ಅಲ್ಲ. ಚೀಟಿಯ ಮೇಲಿನ ಸಾಸಿವೆ ಕಾಳಿನಂಥ ಅಕ್ಷರ ಅವಳ ಚಿಕ್ಕಮ್ಮನದು. ತಾಯಿ ಸತ್ತ ಮೇಲೆ ಒಂಬತ್ತು ವರ್ಷದ ಅವಳನ್ನು ತಂದು ಸಾಕಿದ ಚಿಕ್ಕಮ್ಮ ಇದೇ ಮ್ಯೂಸಿಯಂನಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದು ನಿವೃತ್ತಿಯಾದವಳು. ಈಗಲೂ ಇಬ್ಬರೂ ಒಂದೇ ಮನೆಯಲ್ಲಿದ್ದರು.

ಎರಡು ತೂತಿನ ಚೀಟಿಯ ಕಥೆ ಮ್ಯೂಸಿಯಂನಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊಸಬರು ಸೇರಿದ ಮೊದಲ ವಾರವೇ ಅದನ್ನು ಹೇಳಿ ಹೆದರಿಸುತ್ತಿದ್ದರು. ಚುಕ್ಕಿ ಸಾರ್ ಕೈಕೆಳಗೆ ಒಬ್ಬ ಸಹಾಯಕರಿದ್ದರು. ಗಡಿಯಾರ ಹತ್ತು ಗಂಟೆ ತೋರಿಸಿದರೆ ಇನ್ನೊಂದು ಗಡಿಯಾರ ಹುಡುಕುವ ಜಾತಿಯವರು, ಅದಕ್ಕೇ ಅನುಮಾನಪ್ಪ ಎಂದು ಹೆಸರು. ದಕ್ಷಿಣದ ಕಣಿವೆಯಲ್ಲಿ ನಾನೇ ಸಣ್ಣ ಚುಕ್ಕಿಯ ಹುಳ ಹಿಡಿದಿದ್ದೇನೆ, ಈ ಚೀಟಿಗಳು ಅದಲುಬದಲಾಗಿವೆ, ಬೇಕಾದರೆ ಎರಡೆರಡು ತೂತು ನೋಡಿ ಎಂದು ಅವರು ತುಂಬಿದ ಸಭೆಯಲ್ಲಿ ಹೇಳಿದರು. ವಿಚಾರಣೆ ನಡೆಯಿತು. ಚೀಟಿ ಬರೆದಾಕೆ ನಾನು ಬಿಚ್ಚಿಲ್ಲ ಎಂದಳು. ಹಾಗಾದರೆ ಎರಡನೆಯ ತೂತು ಬಂದದ್ದೆಲ್ಲಿಂದ? ತೋರಿಸಿದವರೇ ಚುಚ್ಚಿರಬೇಕು, ಹೊಟ್ಟೆಕಿಚ್ಚಿಗೆ, ಎಂದು ತೀರ್ಮಾನವಾಯಿತು. ತಪ್ಪೊಪ್ಪಿಗೆ ಬರೆದುಕೊಟ್ಟು ಅನುಮಾನಪ್ಪ ಕೆಲಸ ಬಿಟ್ಟರು. ಈ ಕಥೆಯನ್ನು ಜೀರುಂಡೆ ಮೇಡಂ ತಾನೇ ಎಷ್ಟು ಜನ ಹೊಸಬರಿಗೆ ಹೇಳಿ ನಗಿಸಿದ್ದಳೋ! ಕಥೆಯ ಚೀಟಿಗಳು ಇವೇ ಎಂದು ಈಗ ಹೊಳೆಯಿತು; ಬರೀ ಹೊಟ್ಟೆಕಿಚ್ಚಿನ ತೂತುಗಳಾಗಿದ್ದರೆ ಹುಳಗಳು ಇಷ್ಟು ಅಚ್ಚುಕಟ್ಟಾಗಿ ಬೇರ್ಪಟ್ಟಿರುತ್ತಿರಲಿಲ್ಲ.

ಮನೆಗೆ ಹೋದಾಗ ಚಿಕ್ಕಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಮೇಡಂ ಚಪ್ಪಲಿಯನ್ನೂ ಬಿಡದೆ ಎದುರು ನಿಂತು, ಹದಿನೇಳನೇ ಡ್ರಾಯರಿನ ಚೀಟಿಗಳನ್ನು ಯಾರು ಬಿಚ್ಚಿದ್ದು ಎಂದು ಕೇಳಿದಳು. ಚಿಕ್ಕಮ್ಮ ಕೈಯಲ್ಲಿದ್ದ ಬೀನ್ಸನ್ನು ಪೂರ್ತಿ ಮುರಿದು ತಟ್ಟೆಗೆ ಹಾಕಿದಳು.

"ಫ್ಯಾನ್ ಹಾಕಿದ್ದು ನಾನೇ" ಅಂದಳು.

ಚುಕ್ಕಿ ಸಾರ್ ಆ ಹುಳಗಳ ಚುಕ್ಕಿ ಎಣಿಸುವ ಮುಂಚೆ ಒಂದು ವರ್ಷ ಡ್ರಾಯರಿಗೆ ಬೂಷ್ಟು ಹಿಡಿದಿತ್ತಂತೆ. ಹುಳಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುವಾಗ ಶಾಯಿ ಹರಡಬಾರದೆಂದು ಚೀಟಿಗಳನ್ನೆಲ್ಲ ಸೂಜಿಯಿಂದ ಬಿಚ್ಚಿ, ಹುಳದ ಸಾಲಿಗೆ ಸರಿಯಾಗಿ ಚೀಟಿಯ ಸಾಲು ಜೋಡಿಸಿ ಮೇಜಿನ ಮೇಲಿಟ್ಟಿದ್ದಳು. ಸ್ಪಿರಿಟ್ಟಿನ ವಾಸನೆಗೆ ತಲೆ ತಿರುಗಿದಂತಾಗಿ ಎದ್ದು ಸ್ವಿಚ್ ಒತ್ತಿದಳು. ಚೀಟಿಗಳು ಕೋಣೆಯ ತುಂಬ ಹಾರಿದವು. ಮೊಣಕಾಲೂರಿ ಒಂದೊಂದನ್ನೇ ಹೆಕ್ಕಿದಳು, ಒಂದೂ ಕಳೆದಿರಲಿಲ್ಲ. ಆದರೆ ಯಾವುದು ಯಾವ ಹುಳದ್ದು ಎಂದು ದೇವರಿಗೇ ಗೊತ್ತು.

"ಮತ್ತೆ ಹೇಗೆ ಹಾಕಿದೆ?"

"ನೋಡೋಕೆ ಸರಿಯಾಗಿ ಕಾಣೋ ಹಾಗೆ ಹಾಕಿದೆ. ದೊಡ್ಡ ಚುಕ್ಕಿ ಇರೋದನ್ನೆಲ್ಲ ಆರಿಸಿ ದಕ್ಷಿಣದ ಚೀಟಿ ಚುಚ್ಚಿದೆ, ಉಳಿದವಕ್ಕೆ ಉತ್ತರದ್ದು. ಏನೋ ಒಂದು ಲೆಕ್ಕ ಬೇಕಿತ್ತಲ್ಲ ಮರಿ."

ಮೇಡಂ ಕುರ್ಚಿ ಎಳೆದುಕೊಂಡು ಕೂತಳು. ಚುಕ್ಕಿ ಸಾರ್ ನಿಸರ್ಗದ ಗುಟ್ಟು ಎಂದು ಕೊಂಡಾಡಿದ್ದು, ಪುಸ್ತಕಗಳಲ್ಲೆಲ್ಲ ಅಚ್ಚಾದದ್ದು, ತಾನು ನಾಲ್ಕು ವರ್ಷ ಕಣ್ಣು ಕೆಡಿಸಿಕೊಂಡದ್ದು, ಎಲ್ಲವೂ ಚಿಕ್ಕಮ್ಮನ ಅಚ್ಚುಕಟ್ಟುತನ.

"ಅವರು ನಿನ್ನನ್ನ ಎಲ್ಲರ ಮುಂದೆ ಕೇಳಿದ್ರಲ್ಲ ಚಿಕ್ಕಮ್ಮ. ಆಗ?"

"ಆಗ ಇಲ್ಲ ಅಂದೆ." ಚಿಕ್ಕಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೀನು ಬಂದು ವರ್ಷ ಆಗಿರಲಿಲ್ಲ, ಕೆಲಸ ಕಾಯಂ ಆಗಿರಲಿಲ್ಲ. ಆದ್ರೆ ಅದನ್ನ ನಿನ್ನ ತಲೆಗೆ ಕಟ್ಟಲ್ಲ. ಮೊದಮೊದಲು ಹೆದರಿಕೆ ಇತ್ತು, ನಿಜ. ಆಮೇಲೆ ಹೆದರಿಕೆ ಹೋಯ್ತು. ಆಗಲೂ ಹೇಳಲಿಲ್ಲ. ಅಷ್ಟೇ."

ಆ ವಾರವೆಲ್ಲ ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು. ಬಾಯಿಬಿಟ್ಟರೆ ಏನು ಹೊರಬೀಳುವುದೋ ಎಂದು ಮೇಡಂ ಬೆಳಿಗ್ಗೆ ಬೇಗ ಹೊರಟುಬಿಡುತ್ತಿದ್ದಳು. ಭಾನುವಾರ ಎದ್ದು ನೋಡಿದರೆ ಚಿಕ್ಕಮ್ಮ ಸೀರೆ ಬದಲಿಸಿ, ಕೈಚೀಲ ಹಿಡಿದು ಬಾಗಿಲಲ್ಲಿ ಕೂತಿದ್ದಳು. ನಿವೃತ್ತರಿಗೆಲ್ಲ ಫೋನ್ ಮಾಡಿ ಅನುಮಾನಪ್ಪನವರ ವಿಳಾಸ ಹುಡುಕಿದ್ದಳು. ಜೊತೆಗೆ ಬಾ ಎಂದು ಕರೆಯಲಿಲ್ಲ. ಮೇಡಂ ತಾನಾಗಿಯೇ ಹೊರಟಳು.

ಎರಡು ಬಸ್ ಬದಲಿಸಿ ಇಳಿದದ್ದು ಊರಂಚಿನ ಮರದ ಡಿಪೋ ಮುಂದೆ. ಮ್ಯೂಸಿಯಂ ಬಿಟ್ಟ ಮೇಲೆ ಅವರು ಅಲ್ಲೇ ಕೆಲಸಕ್ಕೆ ಸೇರಿದ್ದರಂತೆ. ದಿಮ್ಮಿಗೆ ಕಿವಿಯಿಟ್ಟು, ತಟ್ಟಿ ನೋಡಿ, ಒಳಗೆ ಕೊರೆಯುವ ಹುಳ ಇದೆಯೋ ಇಲ್ಲವೋ ಹೇಳುವ ಕೆಲಸ. ಈಗಲೂ ಡಿಪೋ ಹಿಂದಿನ ಎರಡು ಕೋಣೆಯಲ್ಲಿ ಹೆಂಡತಿಯೊಡನೆ ವಾಸ. ಅಂಗಳದ ತುಂಬ ಗರಗಸದ ಹೊಟ್ಟು. ಕಾಲಿಟ್ಟರೆ ಮೆತ್ತಗೆ ಒಳಗಿಳಿಯುತ್ತಿತ್ತು.

ಬಾಗಿಲು ತೆಗೆದವರು ಅವರೇ. ಸಣಕಲು ದೇಹ, ಗುಂಡಿಯೆಲ್ಲ ಹಾಕಿದ ಅಂಗಿ. ಚಿಕ್ಕಮ್ಮನ ಗುರುತು ಹತ್ತಿತು, ಮುಖ ಬಿಗಿಯಾಯಿತು, ಆದರೂ ಒಳಗೆ ಕರೆದರು. ಅವರ ಹೆಂಡತಿ ಕುರ್ಚಿ ಎಳೆದು ಹಾಕಿ ಚಹಾ ಇಡಲು ಹೋದರು. ಚಿಕ್ಕಮ್ಮ ಕೂರಲಿಲ್ಲ. ಈಗ ಆ ಡ್ರಾಯರ್ ನೋಡುತ್ತಿರುವವಳು ಇವಳು ಎಂದು ಮೇಡಂ ಕಡೆ ಕೈತೋರಿಸಿ, ನಿಂತುಕೊಂಡೇ ಬೂಷ್ಟಿನಿಂದ ಹಿಡಿದು ವಿಚಾರಣೆಯವರೆಗೆ ಒಂದೂ ಬಿಡದೆ ಹೇಳಿದಳು. ಕೈಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದಳು. ಅವರು ಆ ಕೈಯನ್ನೇ ನೋಡುತ್ತ ಕೇಳಿಸಿಕೊಂಡರು.

ಮುಗಿದ ಮೇಲೆ ಮೇಡಂ ಕಡೆ ತಿರುಗಿ ಒಟ್ಟು ಎಷ್ಟು ಚೀಟಿ ಎಂದು ಕೇಳಿದರು. ನಲವತ್ತಾರು ಎಂದಳು.

"ನಾನು ನಲವತ್ತನಾಲ್ಕು ಎಣಿಸಿದ್ದೆ" ಅಂದರು. "ಎರಡು ತಪ್ಪಿಹೋಗಿದೆ ನೋಡಿ."

ಹೆಂಡತಿ ಚಹಾದ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ, ಯಾರೂ ನೋಡಿರಲಿಲ್ಲ.

"ಹಾಗಾದ್ರೆ ಇವರು ಮಾಡಿರಲಿಲ್ವಾ?" ಎಂದು ಕೇಳಿದರು. ಕೇಳಿದ್ದು ಗಂಡನನ್ನಲ್ಲ, ಮೇಡಂ ಅನ್ನು.

"ಇಲ್ಲಮ್ಮ. ಮಾಡಿರಲಿಲ್ಲ."

"ನಾನು ಎಷ್ಟು ಸಲ ಕೇಳಿದೀನಿ ಇವರನ್ನ. ಮಾಡಿದ್ರೆ ಮಾಡಿದೆ ಅನ್ನಿ, ನನ್ನ ಹತ್ರ ಏನು ಮುಚ್ಚುಮರೆ ಅಂತ. ಒಂದಿನ ಹೂಂ ಅಂದುಬಿಟ್ರು. ಅವತ್ತಿಂದ ಹಾಗೇ ಅಂದುಕೊಂಡು ಸಂಸಾರ ಮಾಡಿದೀನಿ."

ಅವರು ಹೆಂಡತಿಯ ಕೈಯಿಂದ ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಆಮೇಲೆ ಯಾರ ಮುಖವನ್ನೂ ನೋಡದೆ ಮಾತಾಡಿದರು.

"ಇವಳಿಗೋಸ್ಕರ ಹೂಂ ಅಂದದ್ದಲ್ಲ. ಅನುಮಾನ ನನ್ನ ಹುಟ್ಟುಗುಣ, ನಿಮಗೆಲ್ಲ ಗೊತ್ತಲ್ಲ. ಅಷ್ಟು ಜನ ಸೇರಿ ನೀನೇ ಅಂದಾಗ, ಸಹಿ ಮಾಡಿದ ಮೇಲೆ, ಒಂದೆರಡು ವರ್ಷಕ್ಕೆ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು. ಯಾವತ್ತೋ ಒಂದಿನ ನಾನೇ ಚುಚ್ಚಿ ಮರೆತಿದೀನೇನೋ ಅಂತ. ಸೂಜಿ ಹಿಡ್ಕೊಂಡ ಕೈ ಕೂಡ ಕಣ್ಣಿಗೆ ಕಟ್ಟಿದ ಹಾಗೆ ಕಾಣ್ತಿತ್ತು."

ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. ಕೋಪದಿಂದಲ್ಲ, ಸಾಕಾಗಿ ಹೋದವರ ಹಾಗೆ.

"ಬಂದ್ರಿ, ಹೇಳಿದ್ರಿ. ಈಗ ನಾನು ಏನು ಹೇಳಬೇಕೋ ನನಗೆ ಗೊತ್ತಾಗ್ತಿಲ್ಲ. ಚಹಾ ಆರಿಹೋಗತ್ತೆ."

ಯಾರೂ ಚಹಾ ಮುಟ್ಟಲಿಲ್ಲ. ಹೊರಡುವಾಗ ಅವರು ಮೇಡಂ ಹತ್ತಿರ ಒಂದೇ ಒಂದು ಮಾತು ಕೇಳಿದರು, ಇದನ್ನು ಅಚ್ಚಿನಲ್ಲಿ ಬರೆಯುತ್ತೀರಾ ಎಂದು. ಬರೆಯುತ್ತೇನೆ ಎಂದು ಅವಳು ಮಾತು ಕೊಟ್ಟಳು. ವಾಪಸ್ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಚಿಕ್ಕಮ್ಮ ಹೋಗಿ ಮುಂದಿನ ಸಾಲಿನಲ್ಲಿ ಒಬ್ಬಳೇ ಕೂತಳು.

ಮಾತು ಕೊಟ್ಟಷ್ಟು ಸುಲಭವಾಗಿ ಬರೆಯುವುದು ಆಗಲಿಲ್ಲ. ಮ್ಯೂಸಿಯಂನ ನಿರ್ದೇಶಕರು ಲೇಖನ ಓದಿ ಹುಬ್ಬು ಗಂಟಿಕ್ಕಿದರು. ಹುಳಗಳ ವಿಷಯ ಬರಿ, ಮನುಷ್ಯರ ವಿಷಯ ಯಾಕೆ, ಸತ್ತವರ ಮರ್ಯಾದೆ ತೆಗೆಯಬೇಡ ಎಂದರು. ಚೀಟಿಗಳ ಬಗ್ಗೆ ಖಚಿತತೆ ಇಲ್ಲ ಎಂಬ ಒಂದು ಸಾಲು ಸಾಕಂತೆ. ಚಿಕ್ಕಮ್ಮ ನಡೆದದ್ದನ್ನೆಲ್ಲ ತಾನೇ ಬರೆದು, ಸಹಿ ಮಾಡಿ, ಕಚೇರಿಗೆ ಹೋಗಿ ಕೊಟ್ಟು ಬಂದಳು. ಅದು ಒಂದು ಕಡತದೊಳಗೆ ಹೋಗಿ ಕೂತಿತು. ಮೇಡಂ ಎರಡು ತಿಂಗಳು ಜಗ್ಗಾಡಿದಳು. ಕೊನೆಗೆ ಅಡಿಟಿಪ್ಪಣಿಯಲ್ಲಿ ಒಂದು ವಾಕ್ಯಕ್ಕೆ ಒಪ್ಪಿಗೆ ಸಿಕ್ಕಿತು. ಈ ಚೀಟಿಗಳು ಅದಲುಬದಲಾಗಿವೆ ಎಂದು ಮೂವತ್ತು ವರ್ಷಗಳ ಹಿಂದೆಯೇ ಗುರುತಿಸಿದವರು ಇಂಥವರು ಎಂಬ ವಾಕ್ಯ. ಅವರ ಹೆಸರು ಪೂರ್ತಿಯಾಗಿ, ಕಾಗುಣಿತ ತಪ್ಪಿಲ್ಲದೆ ಬಂತು. ತಪ್ಪು ಯಾರದೆಂದು ಎಲ್ಲೂ ಬರಲಿಲ್ಲ.

ನಾಲ್ಕು ವರ್ಷದ ಕೆಲಸ ಏಳು ಪುಟವಾಯಿತು. ಎರಡು ಉಪಪ್ರಭೇದ ಇಲ್ಲ, ಇರುವುದು ಒಂದೇ ಜೀರುಂಡೆ, ಅದರ ಚುಕ್ಕಿ ಅದರ ಇಷ್ಟ ಎಂಬುದು ಸಾರಾಂಶ. ಅಷ್ಟರಲ್ಲಿ ಅರಣ್ಯ ಇಲಾಖೆಯವರು ಉತ್ತರಕ್ಕೆ ಕಾಯದೆ ರಸ್ತೆಬದಿಯ ಮರಗಳನ್ನೆಲ್ಲ ಕಡಿದು ಮುಗಿಸಿದ್ದರು.

ಲೇಖನದ ಪ್ರತಿಯನ್ನು ಮೇಡಂ ಡಿಪೋ ವಿಳಾಸಕ್ಕೆ ಕಳಿಸಿದಳು. ಉತ್ತರ ಬರಲಿಲ್ಲ. ತಿಂಗಳ ಮೇಲೆ ಒಂದು ದಿನ ಅನುಮಾನಪ್ಪನವರೇ ಮೂರು ಮಹಡಿ ಹತ್ತಿ ಬಂದರು. ಡ್ರಾಯರ್ ಕೇಳಿದರು, ಭೂತಗನ್ನಡಿ ಕೇಳಿದರು. ಎರಡು ಗಂಟೆ ಕಾಲ ಒಂದೊಂದೇ ಹುಳ ನೋಡಿದರು. ಎದ್ದಾಗ ಅವರ ಮುಖದಲ್ಲಿ ಸಮಾಧಾನ ಕಾಣುತ್ತದೇನೋ ಎಂದು ಮೇಡಂ ಕಾದಳು. ಅವರು ಕನ್ನಡಕ ಒರೆಸಿಕೊಂಡು, ಇವು ಎಲ್ಲಿಯವು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ ಅಲ್ಲವೇ ಎಂದರು. ತಿಳಿಯುವುದಿಲ್ಲ ಎಂದಳು. ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಹೆಂಡತಿ ಹೇಗಿದ್ದಾರೆ ಎಂದು ಕೇಳಬೇಕೆಂದಿದ್ದವಳು ಡ್ರಾಯರನ್ನು ಕಪಾಟಿಗೆ ತಳ್ಳಿದಳು.

ಮನೆಯಲ್ಲಿ ಚಿಕ್ಕಮ್ಮ ಮೊದಲಿನ ಹಾಗೆಯೇ ಎದ್ದು ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು. ನಿವೃತ್ತರ ವಾರ್ಷಿಕ ಸಭೆಗೆ ಆ ವರ್ಷ ಆಮಂತ್ರಣ ಬರಲಿಲ್ಲ. ಬಂದಿಲ್ಲ ಎಂದು ಅವಳು ಎತ್ತಿ ಆಡಲೂ ಇಲ್ಲ. ಮೇಡಂ ಅವಳ ಕೈಯನ್ನೇ ನೋಡುತ್ತಿದ್ದಳು. ತನ್ನನ್ನು ಸಾಕಿದ ಕೈ ಅದು. ಅವತ್ತು ವಿಚಾರಣೆಯಲ್ಲಿ ಚಿಕ್ಕಮ್ಮ ಇಲ್ಲ ಎಂದದ್ದರಿಂದಲೇ ತಾನು ಇಲ್ಲಿರುವುದು ಎಂಬ ಲೆಕ್ಕ ಬೇಡವೆಂದರೂ ದಿನವೂ ತಲೆಯಲ್ಲಿ ನಡೆಯುತ್ತಿತ್ತು. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು, ಬಡಿಸಿದ್ದನ್ನೆಲ್ಲ ತಿನ್ನುತ್ತಿದ್ದಳು.

ಒಂದು ಸಂಜೆ ಊಟದ ನಡುವೆ ಚಿಕ್ಕಮ್ಮ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು.

"ನನ್ನ ಜೊತೆ ಜಗಳ ಆಡೋದನ್ನೇ ಬಿಟ್ಟುಬಿಟ್ಟಿದೀಯ ಮರಿ."

ಹಾಗೇನಿಲ್ಲ ಎನ್ನಬೇಕೆಂದು ಮೇಡಂಗೆ ಅನ್ನಿಸಿತು. ಆದರೆ ಇನ್ನೂ ಸ್ವಲ್ಪ ಬೇಕೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾತ್ರೆಯನ್ನು ಚಿಕ್ಕಮ್ಮನ ಕಡೆ ಸರಿಸಿದಳು.