ಸೋಮವಾರದ ಪಾದ

ಪ್ಲೇಗಿನಲ್ಲಿ ಗಂಡ ತೀರಿಕೊಂಡ ವರ್ಷ ಸಿದ್ದಗಂಗಮ್ಮನಿಗೆ ಜಂಗಮ ಚನ್ನಮಲ್ಲಯ್ಯನವರು ಮಾತು ಕೊಟ್ಟಿದ್ದರು: "ನಾನಿರೋವರೆಗೂ ಪ್ರತಿ ಸೋಮವಾರ ನಿನ್ನ ಬಾಗಿಲಿಗೆ ಬರ್ತೀನಿ ಕಣಮ್ಮ."

ಇಪ್ಪತ್ತೆರಡು ವರ್ಷವಾಯಿತು. ಸೋಮವಾರ ಅಯ್ಯನವರ ಪಾದ ತೊಳೆದು, ಆ ನೀರನ್ನು ತೀರ್ಥವೆಂದು ತೆಗೆದುಕೊಂಡ ಮೇಲೆಯೇ ಆಕೆ ಉಣ್ಣುವುದು. ಅವರಿಗೂ ಅಲ್ಲೇ ಊಟ. ಇಬ್ಬರೂ ಒಂಟಿ. ವಾರಕ್ಕೆ ಅದೊಂದು ಹೊತ್ತು ಎದುರಿಗೆ ಇನ್ನೊಂದು ದನಿ ಇರುತ್ತಿತ್ತು.

ಕೊಳಾಲದ ಆ ಬೀದಿಯಲ್ಲಿ ಅರವತ್ತು ದಾಟಿಯೂ ಕಾಯಿಲೆಯಿಲ್ಲದವರು ಸಿಗುವುದು ಕಷ್ಟ. ಅಯ್ಯನವರಿಗೆ ಮನೆಗಳ ಗುರುತೇ ಹಾಗೆ: ಕೆಮ್ಮಿನ ಮನೆ, ಸೊಂಟನೋವಿನ ಮನೆ, ವಾಯುವಿನ ಮನೆ. ಸಿದ್ದಗಂಗಮ್ಮನಿಗೆ ಸಿಹಿಮೂತ್ರ, ಜೊತೆಗೆ ಕಣ್ಣು ಮಂಜು. ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ಮಧುಗಿರಿಯ ಡಾಕ್ಟರು ಹೇಳಿದ್ದರು. ಹೋದ ತಿಂಗಳು ತಲೆಸುತ್ತಿ ಒಲೆಯ ಪಕ್ಕದಲ್ಲೇ ಬಿದ್ದಿದ್ದಳು. ಅಯ್ಯನವರಿಗೆ ಉಬ್ಬಸ, ಮಂಡಿನೋವು. ಈಚೆಗೆ ಬಲಗಾಲು ಊದಿ ಹುಣ್ಣಾಗಿತ್ತು. ಮೂರು ವಾರದಿಂದ ಎಡಗಾಲನ್ನಷ್ಟೇ ತಟ್ಟೆಗಿಟ್ಟು, "ಒಂದು ಪಾದ ಸಾಕಮ್ಮ, ಬೇಗ ಉಣ್ಣು" ಎನ್ನುತ್ತಿದ್ದರು. ಆ ಹುಣ್ಣು ಆಕೆಗೆ ಕಾಣುತ್ತಿರಲಿಲ್ಲ.

ಆ ಸೋಮವಾರ ಸಿದ್ದಗಂಗಮ್ಮನ ಬಾಗಿಲಿಗೆ ಇನ್ನು ಮೂರು ಮನೆ ಉಳಿದಿರುವಾಗ ಅಯ್ಯನವರ ಕಾಲು ಏಳಲಿಲ್ಲ. ಅದೇ ಬೀದಿಯ ಅಶ್ವತ್ಥಮ್ಮನ ಜಗಲಿಯ ಮೇಲೆ ಕೂತುಬಿಟ್ಟರು.

"ಏನು ಅಯ್ನೋರೇ, ಇವತ್ತು ಉಬ್ಬಸವೋ ಮಂಡಿಯೋ?" ಎಂದಳು ಅಶ್ವತ್ಥಮ್ಮ.

"ಎರಡಕ್ಕೂ ಜಗಳ. ಯಾವುದು ಗೆಲ್ತದೋ ನೋಡಾನ ಅಂತ ಕೂತೆ."

"ಅಲ್ಲಿ ಗಂಗಮ್ಮ ಇನ್ನೂ ಉಂಡಿಲ್ಲ. ಹೊತ್ತು ತಿರುಗ್ತು."

"ಉಣ್ಣಕ್ಕೆ ಹೇಳು ಹೋಗವ್ವ."

"ನಾ ಹೇಳಿದ್ರೆ ಕೇಳ್ತಾಳಾ ಅವಳು? ಅಯ್ನೋರು ಇಲ್ಲಿ ಕೂತವ್ರೆ ಅಂತ ಬೇಕಾದ್ರೆ ಹೇಳ್ತೀನಿ."

ಸ್ವಲ್ಪ ಹೊತ್ತಿಗೆ ಸಿದ್ದಗಂಗಮ್ಮನೇ ತಟ್ಟೆ ಚೊಂಬು ಹಿಡಿದು, ಗೋಡೆ ಸವರಿಕೊಂಡು ಬಂದಳು. ಕೂತು, ಪಾದ ಹುಡುಕಿದಳು. ಕೈಗೆ ಬಲಗಾಲು ಸಿಕ್ಕಿತು: ಸುತ್ತಿದ ಬಟ್ಟೆ, ಬಿಸಿ, ಬಾವು. ಕೈ ಅಲ್ಲೇ ನಿಂತಿತು.

"ಈ ಕಾಲಲ್ಲಿ ಬರ್ತಿದ್ರಾ ಅಯ್ನೋರೇ?"

"ನೀನು ಉಪವಾಸ ಇರ್ತೀಯಲ್ಲ."

"ನೀವು ಬರ್ತೀರಿ ಅಂತ ನಾನಿದ್ದೆ." ಎಡಗಾಲಿಗೆ ನೀರು ಹಾಕಿ, ತೀರ್ಥ ತೆಗೆದುಕೊಂಡಳು. "ಇನ್ಮೇಲೆ ಸೋಮವಾರ ಕೊರಳ ಲಿಂಗಕ್ಕೆ ಕೊಟ್ಟು ಉಂಡ್ಬುಡ್ತೀನಿ. ನೀವು ಬರಬ್ಯಾಡಿ. ಊಟ ಕಳಿಸ್ತೀನಿ."

ಸುಮ್ಮನೆ ಕೂರಲಿಕ್ಕಾದರೂ ಬರ್ತೀನಿ ಎನ್ನಬೇಕೆಂದುಕೊಂಡರು. ಯಾವ ಕಾಲಲ್ಲಿ ಎಂದು ಕೇಳಿದರೆ? ಅಷ್ಟರಲ್ಲಿ ಆಕೆ ಗೋಡೆ ಹಿಡಿದು ಹೊರಟಿದ್ದಳು.

ಮುಂದಿನ ಸೋಮವಾರ ಸಿದ್ದಗಂಗಮ್ಮ ಹೊತ್ತಿಗೆ ಸರಿಯಾಗಿ, ಒಬ್ಬಳೇ ಉಂಡಳು. ಚನ್ನಮಲ್ಲಯ್ಯನವರು ಹೋಗಲಿಲ್ಲ. ಕೊಟ್ಟ ಮಾತು ತಪ್ಪಿತು.