ಕೆಂಪು ತಾರೀಖುಗಳು

ಹೊಲಿಗೆ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಆಕೆಯನ್ನು ಎಲ್ಲರೂ ಕ್ಯಾಲೆಂಡರಕ್ಕ ಎಂದೇ ಕರೆಯುತ್ತಿದ್ದರು. ವರ್ಷದ ಹಬ್ಬಗಳು, ಸರ್ಕಾರಿ ರಜೆಗಳು ಎಲ್ಲ ಆಕೆಗೆ ಬಾಯಿಪಾಠ. ಅಲ್ಲಿ ಕೆಂಪು ತಾರೀಖು ಬಿಟ್ಟು ಒಂದು ದಿನ ತಪ್ಪಿಸಿದರೂ ಆ ಮಷೀನಿಗೆ ಬೇರೆಯವರು ಬಂದು ಕೂರುತ್ತಿದ್ದರು. ಹಾಗಾಗಿ ತವರಿಗೆ ಹೋಗುವವರೆಲ್ಲ ಮೊದಲು ಆಕೆಯನ್ನು ಕೇಳಬೇಕು.

"ಭಾನುವಾರದ ಜೊತೆ ಸೋಮವಾರ ಸರ್ಕಾರಿ ರಜೆ. ಎರಡು ದಿನ ಅಮ್ಮನ ಹತ್ರ ಬಿದ್ಕೊಂಡು ಬಾ ಹೋಗೇ."

"ಊರಿಗೆಲ್ಲ ದಾರಿ ತೋರಿಸ್ತೀಯ, ನೀನು ಮಾತ್ರ ಎಲ್ಲಿಗೂ ಹೋಗಲ್ವಲ್ಲಕ್ಕ!"

"ನನಗೂ ಕಾಲಿದೆ ಕಣೇ. ದಿನ ಬರಲಿ."

ತಮ್ಮ ಜೈಲಿನಲ್ಲಿದ್ದಾನೆಂದು ಆಕೆ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಮೊದಲ ಐದು ವರ್ಷ ಅವನ ಮೇಲಿನ ಕೋಪದಲ್ಲೇ ಕಳೆದವು. ಕೋಪ ಇಳಿದ ಮೇಲೆ ಎರಡು ವರ್ಷ, ಮೂರು ಕೆಂಪು ತಾರೀಖು ಒಂದರ ಪಕ್ಕ ಒಂದು ಬರಲೇ ಇಲ್ಲ. ಅಲ್ಲಿಗೆ ಹೋಗಲು ರೈಲಿನಲ್ಲಿ ಒಂದೂವರೆ ದಿನ ಬೇಕು.

ಅಷ್ಟರಲ್ಲಿ ಅವನ ಕಾಗದ ಬಂತು. 'ಮುಂದಿನ ತಿಂಗಳು ಇನ್ನೂ ದೂರದ ಜೈಲಿಗೆ ಕಳಿಸ್ತಾರಂತೆ, ಮೂರು ದಿನದ ಹಾದಿ. ಅಷ್ಟರೊಳಗೆ ಒಂದ್ಸಲ ಮುಖ ತೋರಿಸಕ್ಕ. ಯಾವ ದಿನ ಬಂದ್ರೂ ಬಿಡ್ತಾರೆ.'

ಕ್ಯಾಲೆಂಡರ್ ತೆಗೆದರೆ ಶುಕ್ರವಾರ ರಾಷ್ಟ್ರೀಯ ದಿನ, ಶನಿವಾರ ಹಬ್ಬ, ಭಾನುವಾರ ಹೇಗೂ ರಜೆ. ಗುರುವಾರ ಸಂಜೆ ಕಾರ್ಖಾನೆಯಿಂದ ನೇರವಾಗಿ ರೈಲು ಹತ್ತಿದಳು. ಚೀಲದಲ್ಲಿ ತಾನೇ ಹೊಲಿದ ಅಂಗಿ. ಅಳತೆ ಅಂದಾಜಿನದು, ಏಳು ವರ್ಷದಲ್ಲಿ ದಪ್ಪಗಾಗಿದ್ದಾನೋ ಸೊರಗಿದ್ದಾನೋ ಯಾರಿಗೆ ಗೊತ್ತು?

ಶನಿವಾರ ಬೆಳಿಗ್ಗೆ ಜೈಲಿನ ಬಾಗಿಲಲ್ಲಿ ಕಾವಲುಗಾರನೊಬ್ಬನೇ ಇದ್ದ.

"ಏನಮ್ಮ, ಹಬ್ಬದ ದಿನ ಬಂದಿದೀರ?"

"ಹಬ್ಬ ಅಂತಾನೇ ಬಂದೆ ಕಣಪ್ಪ. ನನಗೆ ರಜೆ ಇರೋದು ಇವತ್ತೇ."

"ನಮಗೂ ರಜೆನೇ ಅಲ್ವಾ? ಕೆಂಪು ತಾರೀಖಲ್ಲಿ ಭೇಟಿ ಇಲ್ಲ. ಸೋಮವಾರ ಬನ್ನಿ."

"ಸೋಮವಾರ ಬೆಳಿಗ್ಗೆ ಮಷೀನ್ ಮುಂದೆ ಇರದಿದ್ರೆ ಕೆಲಸ ಹೋಗತ್ತಪ್ಪ. ಯಾವ ದಿನ ಬಂದ್ರೂ ಬಿಡ್ತಾರೆ ಅಂತ ಅವನೇ ಬರೆದಿದ್ದ."

ಕಾವಲುಗಾರ ತಮ್ಮನ ನಂಬರು ಕೇಳಿ, ಪುಸ್ತಕ ತೆಗೆದು ನೋಡಿದ. ದನಿ ತಗ್ಗಿಸಿ ಹೇಳಿದ: "ಅವನಿಗೆ ಹೇಗೆ ಗೊತ್ತಾಗ್ಬೇಕಮ್ಮ? ಏಳು ವರ್ಷದಲ್ಲಿ ಅವನನ್ನ ನೋಡೋಕೆ ಒಬ್ರೂ ಬಂದಿಲ್ಲ."

"ಈ ಅಂಗಿನಾದ್ರೂ..."

"ಸಾಮಾನು ತಗೊಳ್ಳೋ ಕಿಟಕಿನೂ ಮುಚ್ಚಿದೆ."

ಬಾಗಿಲ ಎದುರಿನ ಕಲ್ಲುಬೆಂಚಿನ ಮೇಲೆ ಆಕೆ ಕುಸಿದು ಕುಳಿತಳು. ಗೋಡೆಯ ಆಚೆ ಎಲ್ಲೋ ಅವನಿದ್ದ, ಅಕ್ಕ ಇಂದೋ ನಾಳೆಯೋ ಬಂದಾಳೆಂದು ಕಾಯುತ್ತ. ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಚೀಲದಿಂದ ಕಿರುಕ್ಯಾಲೆಂಡರ್ ತೆಗೆದಳು. ಹೊಸ ಜೈಲಿಗೆ ಮೂರು ದಿನ ಹೋಗಲು, ಮೂರು ದಿನ ಬರಲು. ಆರು ಕೆಂಪು ತಾರೀಖು ಸಾಲಾಗಿ ನಿಂತ ತಿಂಗಳು ಅದರಲ್ಲಿ ಒಂದೂ ಇರಲಿಲ್ಲ. ಇರುವುದಿಲ್ಲವೆಂದು ಆಕೆಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಮೊದಲ ಪುಟಕ್ಕೆ ಹೋಗಿ, ಬೆರಳಿಟ್ಟು, ಮತ್ತೆ ಎಣಿಸತೊಡಗಿದಳು.