ಗೆಣ್ಣು ತಾಗುವ ತನಕ

ಕಾಗದದಲ್ಲಿ ಭಾಗವ್ವನಿಗೆ ಓದಲು ಬಂದದ್ದು ಮೂರೇ ಪದ. ಮೌಲಾಬಿ, ಗಾರ್ಡ್, ಬೆಂಡ್. ಉಳಿದ ಇಂಗ್ಲಿಷ್ ಸಾಲುಗಳ ಮೇಲೆ ಅವಳ ಕಣ್ಣು ಜಾರಿ ಹೋಗಿ ಮತ್ತೆ ಆ ಮೂರಕ್ಕೇ ಬಂದು ನಿಲ್ಲುತ್ತಿತ್ತು.

"ಕೆಳಗ ಒಂದು ಸಹಿ ಹಾಕಿಬಿಡು ಭಾಗಕ್ಕ," ಎಂದು ಹಣಮಪ್ಪ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. "ನೀ ಅಲ್ಲೇ ಬಾಜೂಕ ಇದ್ದಿ ಅಂತ ಸಾಕ್ಷಿಗೆ. ಮತ್ತೇನಿಲ್ಲ."

ಗೋವಾದ ಕುಂಡಯಿಯ ಆ ತಗಡಿನ ಕಾರ್ಖಾನೆಗೆ ಹಣಮಪ್ಪ ಸೂಪರ್‌ವೈಜರ್. ಅವಳ ತಾಲೂಕಿನವನೇ. ಆರು ವರ್ಷದ ಹಿಂದೆ ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ.

"ಏನು ಬರದೀರಿ ಇದರಾಗ?"

"ಆಗಿದ್ದನ್ನ ಬರದೈತಿ. ಮಂಗಳವಾರ ಎರಡನೇ ನಂಬರ್ ಪ್ರೆಸ್‌ನಾಗ ಆಕಿ ಕೈ ಸಿಕ್ಕಿದ್ದು."

"ಇಲ್ಲಿ ಬೆಂಡ್ ಅಂತ ಐತಲ್ರಿ. ಮೌಲಾಬಿ ಹೆಸರಿನ ಬಾಜೂಕ."

ಹಣಮಪ್ಪ ಕಾಗದವನ್ನು ತನ್ನ ಕಡೆ ಸ್ವಲ್ಪ ಎಳೆದುಕೊಂಡ. ಅವಳಿಗೆ ಅಷ್ಟು ಓದಲು ಬರುತ್ತದೆ ಎಂಬುದನ್ನು ಅವನು ಮರೆತಿದ್ದ.

ಮಳೆಗಾಲಕ್ಕೆ ಮುಂಚೆ ಕಂಪನಿಯವರು ಗೋಡೆಗೆ ದೊಡ್ಡದೊಂದು ಪಟ್ಟಿ ಅಂಟಿಸಿದ್ದರು. ಒಂದು ತಗಡನ್ನು ಏನೇನು ಮಾಡಬಹುದೋ ಅದೆಲ್ಲದರ ಚಿತ್ರ, ಪಕ್ಕದಲ್ಲಿ ಇಂಗ್ಲಿಷಿನ ಹೆಸರು. ಕಟ್, ಬೆಂಡ್, ಫೋಲ್ಡ್, ಪಂಚ್, ಟ್ರಿಮ್, ಫ್ಲ್ಯಾಟನ್, ಸ್ಟ್ರೇಟನ್. ಹೀಗೆ ಹನ್ನೆರಡು. ಕೆಲಸದ ಚೀಟಿ ಇನ್ನು ಮುಂದೆ ಇಂಗ್ಲಿಷಿನಲ್ಲೇ ಬರುತ್ತದೆ, ಇವನ್ನು ಓದಬಲ್ಲವರಿಗೆ ಪ್ರೆಸ್, ಉಳಿದವರಿಗೆ ಪ್ಯಾಕಿಂಗ್ ಎಂದು ಹೇಳಿದ್ದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಭಾಗವ್ವ ಹನ್ನೆರಡನ್ನೂ ಒಂಬತ್ತು ದಿನದಲ್ಲಿ ಕಲಿತಳು. ಹಾಸಿಗೆ ಸುತ್ತುವಾಗ, ಸೀರೆ ಮಡಚುವಾಗ, ಬಸ್ಸಿನ ಕಿಟಕಿಯ ಸರಳು ಹಿಡಿದು ನಿಂತಾಗ ಒಂದೊಂದನ್ನೇ ಬಾಯೊಳಗೆ ಹೇಳಿಕೊಂಡಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟರಲ್ಲಿ ಯಾರೂ ಕೇಳದೆ, ಯಾರಿಗೂ ಬೇಕಾಗದೆ, ತನಗಾಗಿಯೇ ಅವಳು ಕಲಿತದ್ದು ಇದೊಂದು. ದಿನವೂ ಮುಟ್ಟುವ ವಸ್ತುಗಳು ತನಗೆ ಮಾತ್ರ ಕೇಳುವಂತೆ ಇನ್ನೊಂದು ಹೆಸರು ಹೇಳುತ್ತಿವೆ ಎನಿಸುತ್ತಿತ್ತು.

ಪ್ಯಾಕಿಂಗ್ ಮೇಜಿನ ಮೌಲಾಬಿಗೂ ಅವಳೇ ಕಲಿಸಿದಳು. ಊಟದ ಬಿಡುವಿನಲ್ಲಿ ಇಬ್ಬರೂ ಪಟ್ಟಿಯ ಎದುರಿಗೆ ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದರು.

"ಇವನ್ನೆಲ್ಲಾ ಕಲತು ಏನ್ ಮಾಡ್ಲೇ ಯವ್ವಾ?" ಎನ್ನುತ್ತಿದ್ದಳು ಮೌಲಾಬಿ. "ನಮ್ಮನಿಯಾಂವನ್ನ ಸ್ಟ್ರೇಟನ್ ಮಾಡೂ ಮಷಿನ್ ಇದ್ರ ಹೇಳು, ಇವತ್ತ ಕಲೀತೇನಿ."

"ಗೂಡುಸಾಬಣ್ಣ ಮುರದಾನು, ಸ್ಟ್ರೇಟ್ ಆಗಾಂವಲ್ಲ."

"ಮುರದ್ರೂ ಬರೋಬರಿ. ಎರಡು ತುಂಡು ಆದ್ರ ಒಂದರ ಮನ್ಯಾಗ ಇದ್ದೀತು."

ಪದಗಳ ಜೊತೆ ಕೈಯ ಕೆಲಸವನ್ನೂ ಹೇಳಿಕೊಟ್ಟಳು. ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಹಳದಿ ಬಣ್ಣದ ಕಬ್ಬಿಣದ ಪಟ್ಟಿಯೊಂದಿತ್ತು. ಅದೇ ಗಾರ್ಡ್. ತಗಡು ಅದರ ಕೆಳಗೆ ನುಸುಳುತ್ತದೆ, ಕೈ ನುಸುಳುವುದಿಲ್ಲ. "ತಗಡು ಒಳಗ ತಳ್ಳು. ಬೆರಳಿನ ಗೆಣ್ಣು ಗಾರ್ಡಿಗೆ ತಾಗೂ ತನಕ ತಳ್ಳು. ತಾಗಿದ ಕೂಡ್ಲೆ ಪೆಡಲ್ ಒತ್ತು. ಕಣ್ಣಲೆ ನೋಡಾಕ ಹೋಗಬ್ಯಾಡ, ಹೊತ್ತು ಹೋಗತೈತಿ. ಗೆಣ್ಣು ಹೇಳತೈತಿ ನಿನಗ."

ಈಗ ಕಾಗದದ ಮೇಲೆ ಕೈಯಿಟ್ಟುಕೊಂಡು ಹಣಮಪ್ಪ ದನಿ ತಗ್ಗಿಸಿದ.

"ನೋಡು ಭಾಗಕ್ಕ, ಮ್ಯಾನೇಜರ್ ಕೇಳಾಕತ್ತಾರ, ಗಾರ್ಡ್ ಬೆಂಡ್ ಮಾಡಿದ್ದು ಯಾರು ಅಂತ. ಯಾರದರ ಒಂದು ಹೆಸರು ಬೇಕು. ಆಕಿ ಹೆಂಗಿದ್ರೂ ಇನ್ನ ಪ್ರೆಸ್ಸಿಗಿ ಕೂಡಾಕಿ ಅಲ್ಲ."

"ಹೆಸರು ಬಂದ್ರ ಕೆಲಸದಿಂದ ತಗೀತಾರಲ್ರಿ. ಕೂತು ಮಾಡೂ ಕೆಲಸಾನೂ ಸಿಗಂಗಿಲ್ಲ ಆಕಿಗಿ."

"ಹಂಗಾರ ನಿನ್ನ ಹೆಸರು ಬರೀಲೇನು?"

ಅವನು ಬೆದರಿಸುವಂತೆ ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಹಾಕಲೇ ಎನ್ನುವಂತೆ ಕೇಳಿದ. ಭಾಗವ್ವ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಚಷ್ಮಾ ತಂದಿಲ್ರಿ. ನಾಳೆ ಮಾಡತೇನಿ."

ಚಷ್ಮಾ ಅವಳಿಗೆ ಇರಲೇ ಇಲ್ಲ. ಅದು ಅವನಿಗೂ ಗೊತ್ತಿತ್ತು.

ಫೋಂಡಾದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕುಳಿತವಳಿಗೆ ಎರಡು ತಿಂಗಳ ಹಿಂದಿನ ಮುಂಜಾನೆಯೊಂದು ಬಿಡದೆ ನೆನಪಾಗುತ್ತಿತ್ತು. ಪ್ರೆಸ್ಸಿನಲ್ಲಿ ಆಗಾಗ ತಗಡು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲ ಮಷಿನ್ ನಿಲ್ಲಿಸಿ ತೆಗೆದರೆ ದಿನದ ಮಾಲು ಕಡಿಮೆಯಾಗುತ್ತದೆ ಎಂದು ಹಣಮಪ್ಪ ಅವಳ ಹತ್ತಿರ ಬಂದಿದ್ದ. "ಗಾರ್ಡನ್ನ ಎರಡು ಬೆರಳು ಮ್ಯಾಲಕ ಬೆಂಡ್ ಮಾಡ್ಕೊ. ಕೈ ಹಾಕಿ ತಗದ್ರಾತು. ಬೆಂಡ್ ಅಂದ್ರ ಏನಂತ ನಿನಗ ಹೇಳಬೇಕೇನು, ಇಲ್ಲಿ ಮಾಸ್ತರಬಾಯಿ ನೀನ ಅಲ್ಲ?" ಸುತ್ತಲಿನ ಹೆಂಗಸರು ತಿರುಗಿ ನೋಡಿದ್ದರು. ಅವಳ ಮುಖ ಬೆಚ್ಚಗಾಗಿತ್ತು.

ಅಂದಿನಿಂದ ಮ್ಯಾನೇಜರು ಬೆಳಗಿನ ಸುತ್ತು ಮುಗಿಸಿದ ಮೇಲೆ ಗಾರ್ಡನ್ನು ಎತ್ತಿ ಬಗ್ಗಿಸುವುದು, ಸಂಜೆ ಗಂಟೆ ಹೊಡೆಯುವ ಮುನ್ನ ಮತ್ತೆ ಒತ್ತಿ ನೆಟ್ಟಗೆ ಮಾಡುವುದು ಅವಳ ಅಭ್ಯಾಸವಾಯಿತು. ಬಗ್ಗಿಸಿದಾಗ ಗೆಣ್ಣನ್ನು ನಂಬದೆ ಕಣ್ಣಿನಿಂದ ನೋಡಿ ಕೆಲಸ ಮಾಡುತ್ತಿದ್ದಳು. ಸೋಮವಾರ ಸಂಜೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು. ಮಂಗಳವಾರ ಮ್ಯಾನೇಜರು ರಜೆಯಲ್ಲಿದ್ದರು, ಸುತ್ತು ಬರಲಿಲ್ಲ. ಟ್ರಿಮ್ಮಿಂಗಿನವಳು ಬಂದಿಲ್ಲವೆಂದು ಹಣಮಪ್ಪ ಭಾಗವ್ವನನ್ನು ಅಲ್ಲಿಗೆ ಕಳಿಸಿ, ಎರಡನೇ ನಂಬರಿಗೆ ಮೌಲಾಬಿಯನ್ನು ಕೂರಿಸಿದ. ಮೊದಲ ಸಲ ಪ್ರೆಸ್ಸಿಗೆ ಕುಳಿತ ಮೌಲಾಬಿ ದೂರದಿಂದಲೇ ನಕ್ಕು ಹುಬ್ಬು ಹಾರಿಸಿದಳು. ಭಾಗವ್ವನೂ ನಕ್ಕಳು. ಆಮೇಲೆ ಪ್ರೆಸ್ಸು ಬಡಿದ ಸದ್ದು. ಮುಂದಿನ ಬಡಿತ ಬರಬೇಕಾದ ಹೊತ್ತಿಗೆ ಬರಲಿಲ್ಲ. ಆಗ ನೆನಪಾಯಿತು, ಹಿಂದಿನ ಸಂಜೆ ಗಾರ್ಡನ್ನು ನೆಟ್ಟಗೆ ಮಾಡಿರಲಿಲ್ಲ.

ಆಸ್ಪತ್ರೆಯಲ್ಲಿ ಮೌಲಾಬಿ ದಿಂಬಿಗೆ ಒರಗಿ ಕುಳಿತಿದ್ದಳು. ಬಲಗೈಗೆ ದಪ್ಪ ಬ್ಯಾಂಡೇಜು. ಗೂಡುಸಾಬ ಚಹಾ ತರಲು ಕೆಳಗೆ ಹೋಗಿದ್ದ.

"ಬಾರವ್ವಾ ಮಾಸ್ತರಬಾಯಿ," ಎಂದಳು. "ಪಟ್ಟಿಯೊಳಗ ಟ್ರಿಮ್ ಅಂತಿತ್ತಲ್ಲ, ಅದು ಹೀಂಗ ಇರತೈತಿ ನೋಡು. ಎರಡು ಬೆರಳು."

ಭಾಗವ್ವನಿಗೆ ಕುಳಿತುಕೊಳ್ಳಲೂ ಆಗಲಿಲ್ಲ.

"ಬಂದಾಗಿಂದ ಒಂದಽ ವಿಚಾರ ಮಾಡಾಕತ್ತೇನಿ," ಎಂದು ಮೌಲಾಬಿ ಎಡಗೈಯನ್ನು ಗಾಳಿಯಲ್ಲಿ ಮುಂದೆ ತಳ್ಳಿ ತೋರಿಸಿದಳು. "ಗೆಣ್ಣು ತಾಗೂ ತನಕ ಅಂದಿದ್ದಿ. ತಳ್ಳಿದೆ. ತಾಗಲಿಲ್ಲ. ಇನ್ನೊಂದೀಟು ತಳ್ಳಿದೆ. ನೀ ಹೇಳಿದ್ದು ಪೂರಾ ತಿಳಕೊಳ್ಳಲಿಲ್ಲ ಕಾಣತೈತಿ ನಾ. ಗಾರ್ಡ್ ನಾನಽ ಬಗ್ಗಿಸಿದೆ ಅಂತ ಅಂದ್ನಂತ ಹಣಮಪ್ಪ. ನಾ ಮುಟ್ಟಿಲ್ಲ ಭಾಗವ್ವಾ. ಖರೇ ಹೇಳತೇನಿ."

"ಗೊತ್ತೈತಿ," ಎಂದಳು ಭಾಗವ್ವ. "ನಾನಽ ಬಗ್ಗಿಸಿದ್ದು."

ಪಕ್ಕದ ಮಂಚದ ಮುದುಕಿ ಕೊಂಕಣಿಯಲ್ಲಿ ನೀರು ಕೇಳಿದಳು. ಯಾರೋ ಬಂದು ಕೊಟ್ಟರು. ಅಷ್ಟು ಹೊತ್ತಿನಲ್ಲಿ ಭಾಗವ್ವ ಸೋಮವಾರ ಸಂಜೆಯ ತನಕ ಎಲ್ಲವನ್ನೂ ಹೇಳಿ ಮುಗಿಸಿದ್ದಳು.

"ಅಷ್ಟೆಲ್ಲಾ ಕಲಿಸಿದಿ," ಎಂದಳು ಮೌಲಾಬಿ. "ಇದೊಂದು ಯಾಕ ಹೇಳಲಿಲ್ಲ?"

ಭಾಗವ್ವ ಮರೆವು ಎನ್ನಬಹುದಿತ್ತು. ಆದರೆ ಎರಡು ತಿಂಗಳು ಎದುರಿಗೆ ಕುಳಿತು ರೊಟ್ಟಿ ಹಂಚಿಕೊಂಡವಳಿಗೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಗಾರ್ಡು ಎತ್ತಿದ ಪ್ರೆಸ್ಸಿನಲ್ಲಿ ಕೈಯಾಡಿಸುವುದು ತನಗೊಬ್ಬಳಿಗೇ ಬರುತ್ತದೆ ಎಂಬುದನ್ನು ಅವಳು ಯಾರಿಗೂ ಕೊಡದೆ ಇಟ್ಟುಕೊಂಡಿದ್ದಳು. ಹನ್ನೆರಡು ಪದವನ್ನು ಕೊಟ್ಟಿದ್ದಳು, ಇದನ್ನು ಕೊಟ್ಟಿರಲಿಲ್ಲ. ಹೇಳಲು ಹೊರಟವಳಿಗೆ ಕಣ್ಣೀರು ಬಂತು.

ಮೌಲಾಬಿ ಅವಳನ್ನು ನೋಡದೆ ಹೊದಿಕೆಯನ್ನು ಎಡಗೈಯಿಂದ ಎಳೆದುಕೊಂಡಳು.

"ಅಲ್ಲಿ ಹೇಳೀಯೇನು ಇದನ್ನ?"

"ಇಲ್ಲ."

"ಹಂಗಾರ ಮೊದಲ ಅಲ್ಲಿ ಹೇಳಿ ಬಾ. ಆಮ್ಯಾಲ ನನ್ನ ಮುಂದ ಅಳು."

ಮರುದಿನ ಬೆಳಿಗ್ಗೆ ಭಾಗವ್ವ ಹಣಮಪ್ಪನ ಮೇಜಿನ ಮುಂದೆ ನಿಲ್ಲದೆ ನೇರ ಮ್ಯಾನೇಜರ ಕೋಣೆಗೆ ಹೋದಳು. ಅವನು ಕಾಗದ ಹಿಡಿದು ಹಿಂದೆಯೇ ಬಂದ. ಅವಳು ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದಳು. ಗಾರ್ಡ್ ಬಗ್ಗಿಸಿದ್ದು ನಾನು, ಮೌಲಾಬಿ ಅಲ್ಲ. ಒಂದು ದಿನ ಅಲ್ಲ, ಎರಡು ತಿಂಗಳು, ದಿನಾ. ಬಗ್ಗಿಸು ಅಂತ ಹೇಳಿದ್ದು ಇವರು.

ಹಣಮಪ್ಪ ನಕ್ಕ. ಗೆಳತಿಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಸರ್, ಎಂದ. ಎರಡು ತಿಂಗಳು ಬಗ್ಗಿಸಿದ್ದರೆ ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲವೇ? ಅನಂತರ ಅವಳ ಕಡೆ ತಿರುಗಿ ಮೆಲ್ಲಗೆ, "ಮನಿಗೆ ಹೊಂಟಿ ನೋಡು ಭಾಗಕ್ಕ," ಎಂದ.

"ಹೌದ್ರಿ," ಎಂದಳು ಅವಳು.

ಮ್ಯಾನೇಜರು ಇಬ್ಬರನ್ನೂ ಕರೆದುಕೊಂಡು ಎರಡನೇ ನಂಬರಿನ ಹತ್ತಿರ ಬಂದರು. ಗಾರ್ಡು ನೆಟ್ಟಗಿತ್ತು. ಹಿಂದಿನ ದಿನ ಯಾರೋ ಅದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ಟ್ಯೂಬ್‌ಲೈಟಿನ ಬೆಳಕಿಗೆ ಅದು ಮಿರಮಿರ ಮಿನುಗುತ್ತಿತ್ತು.

"ಹೇಗೆ ಬಗ್ಗಿಸುತ್ತಿದ್ದೆ, ತೋರಿಸು."

ಅಕ್ಕಪಕ್ಕದ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಭಾಗವ್ವ ಎರಡೂ ಕೈಯಿಂದ ಪಟ್ಟಿಯನ್ನು ಹಿಡಿದು ಮೇಲಕ್ಕೆತ್ತಿದಳು. ಹೆಚ್ಚು ಬಲ ಬೇಕಾಗಲಿಲ್ಲ. ಕಬ್ಬಿಣ ತನಗೆ ರೂಢಿಯಾದ ಜಾಗದಲ್ಲಿ ತಾನಾಗಿಯೇ ಬಾಗಿತು. ಬಾಗಿದ ಕಡೆ ಬಣ್ಣ ಬಿರಿದು ಸಿಪ್ಪೆಯಾಗಿ ಎದ್ದಿತು. ಮ್ಯಾನೇಜರು ಉಗುರಿನಿಂದ ಅದನ್ನು ಕೆರೆದು ತೆಗೆದರು. ಅಡಿಯಲ್ಲಿ ಬಗ್ಗಿಸಿ ಬಗ್ಗಿಸಿ ಬಿದ್ದ ಸಣ್ಣ ಸಣ್ಣ ಬಿಳಿ ಗೆರೆಗಳು ಒಂದರ ಪಕ್ಕಕ್ಕೊಂದು ಒತ್ತೊತ್ತಾಗಿ ಕೂತಿದ್ದವು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಹಣಮಪ್ಪನ ಕೈಯಿಂದ ಕಾಗದವನ್ನು ಇಸಿದುಕೊಂಡರು, ಓದಲಿಲ್ಲ.

ಭಾಗವ್ವ ಗಾರ್ಡನ್ನು ಬಿಟ್ಟು ಹಿಂದೆ ಸರಿದಳು. ಮೇಲೆ ಒಣಗಿದಂತೆ ಕಂಡಿದ್ದ ಬಣ್ಣ, ಪಟ್ಟಿಯ ಒಳಮಗ್ಗುಲಲ್ಲಿ ಇನ್ನೂ ಹಸಿಯಿತ್ತು. ಅವಳ ಹತ್ತೂ ಬೆರಳಿಗೆ ಹಳದಿ ಹತ್ತಿತ್ತು. ಸೆರಗಿಗೆ ಒರೆಸಿಕೊಳ್ಳಲು ಮನಸ್ಸಾಗದೆ, ಕೈಗಳನ್ನು ಮೈಯಿಂದ ತುಸು ದೂರ ಹಿಡಿದುಕೊಂಡು ಅಲ್ಲೇ ನಿಂತಳು.